ಮೊಮ್ಮಗನ ಆಟದ ಕುಲಗಳು

2025ರ ಬೇಸಿಗೆಯಲ್ಲಿ ನಾವು ದಂಪತಿಗಳು ಅಮೆರಿಕದ ಮಿಲ್ವಾಕಿ ನಗರದಲ್ಲಿರುವ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದೆವು. ಹೋಗುವಾಗ ನಮ್ಮ ಪೆಟ್ಟಿಗೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ವಿಭೂತಿ ಗಟ್ಟಿಗಳ ಜೊತೆಗೆ ಒಂದು ಲಕೋಟೆಯೂ ಇತ್ತು. ಮೊಮ್ಮಗಳಿಗೆ ಇಪ್ಪತ್ತಾರು ತುಂಬಿತ್ತು. ಅವಳಿಗಾಗಿ ಬಂಧುಗಳು ಸೂಚಿಸಿದ ಮೂರು ವರಗಳ ವಿವರ ಅದರಲ್ಲಿತ್ತು. ಮೂವರೂ ನಮ್ಮ ಒಳಪಂಗಡದವರೇ.

ಮನೆ ತಲುಪಿದಾಗ ಊಟದ ಮೇಜಿನ ತುಂಬ ನಕಾಶೆಗಳು ಹರಡಿದ್ದವು. ಹದಿನಾಲ್ಕು ವರ್ಷದ ಮೊಮ್ಮಗ ಗೆಳೆಯರೊಡನೆ ಶನಿವಾರದಂದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಆಡುತ್ತಾನೆ. ಇದಕ್ಕೆ ಪಗಡೆಯಂತೆ ಹಾಸಾಗಲಿ, ಗೆಲ್ಲುವ ಮನೆಯಾಗಲಿ ಇಲ್ಲ. ಒಬ್ಬನು ಕಥೆಯನ್ನು ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ನಡೆಯುತ್ತಾರೆ. ಕೈಗೊಂಡ ಸಾಹಸ ಕೂಡಿಬಂತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರೂಪಿಸಿದ ಈ ಆಟವು 1974ರಲ್ಲಿ ಪ್ರಕಟವಾದುದು ಲೇಕ್ ಜಿನೀವಾ ಎಂಬ ಊರಿನಿಂದ. ಮಗನ ಮನೆಯಿಂದ ಅದು ಕಾರಿನಲ್ಲಿ ಸುಮಾರು ಒಂದು ತಾಸಿನ ಹಾದಿ.

ಈ ಸಲ ಕಥೆ ನಡೆಸುವ ಸರದಿ ಮೊಮ್ಮಗನದು. ಲೋಕವೂ ಅವನೇ ಕಟ್ಟಿದ್ದು. ಅದರಲ್ಲಿ ಆಟಗಾರರು ಯಾವ ಯಾವ ಕುಲದವರಾಗಿ ಹುಟ್ಟಬಹುದು ಎಂಬುದನ್ನು ಅವನು ಗೊತ್ತುಮಾಡಬೇಕಿತ್ತು. 2024ರ ನಿಯಮಪುಸ್ತಕದಲ್ಲಿ ಮನುಷ್ಯರು, ಗಣಿ ತೋಡುವ ಕುಳ್ಳರಾದ ಡ್ವಾರ್ಫ್‌ಗಳು, ನಿದ್ರಿಸದೆ ಧ್ಯಾನದಲ್ಲೇ ದಣಿವಾರಿಸಿಕೊಳ್ಳುವ ಎಲ್ಫ್‌ಗಳು, ಪುಟ್ಟ ಗಾತ್ರದ ಹಾಫ್ಲಿಂಗ್‌ಗಳು, ಹೀಗೆ ಹತ್ತು ಬಗೆಯವರಿದ್ದಾರೆ. ಹಳೆಯ ಪುಸ್ತಕಗಳು 'ರೇಸ್' ಎನ್ನುತ್ತಿದ್ದವು. ಇದು 'ಸ್ಪೀಷೀಸ್' ಎನ್ನುತ್ತದೆ. ನಮ್ಮ ಬಾಯಿಗೆ ಬಂದುದು 'ಕುಲ' ಎಂಬ ಮಾತು.

"ಇವರೊಳಗೆ ಮೇಲಿನವರು ಯಾರಪ್ಪಾ?" ಎಂದು ನಾವು ಕೇಳಿದೆವು. ಆ ಪ್ರಶ್ನೆ ನಮಗೆ ಅಷ್ಟು ಸಹಜವಾಗಿ ಬಂದಿತ್ತು.

"ಮೇಲು ಕೆಳಗು ಇದ್ದರ ಆಟಾನೇ ಕೆಡ್ತದ ಅಜ್ಜಾ. ಎಲ್ಲಾರೂ ಮೇಲಿಂದೇ ತಗೋತಾರ."

ಅವನು ಉಪದೇಶ ಮಾಡುತ್ತಿರಲಿಲ್ಲ, ಲೆಕ್ಕ ಹೇಳುತ್ತಿದ್ದನು. ಬೇರೊಂದು ಪುಸ್ತಕದಲ್ಲಿ ಆರಕೋಕ್ರ ಎಂಬ ಹಕ್ಕಿಕುಲವಿದೆ. ಅದಕ್ಕೆ ಮೊದಲ ದಿನದಿಂದಲೇ ಹಾರಲು ಬರುತ್ತದೆ. ಅದನ್ನು ಸೇರಿಸಿಕೊಂಡರೆ ಕಂದಕ, ಕೋಟೆಗೋಡೆ, ತುಂಬಿದ ಹೊಳೆ ಯಾವುದೂ ಅಡ್ಡಿಯಾಗುವುದಿಲ್ಲ. ಕಥೆಗೆ ಕೆಲಸವೇ ಇಲ್ಲ. ಇನ್ನೊಂದು, ಕತ್ತಲೆಯ ಮಾತು. ಹತ್ತು ಕುಲಗಳಲ್ಲಿ ಏಳಕ್ಕೆ ಕತ್ತಲಲ್ಲಿ ಕಣ್ಣು ಕಾಣುತ್ತದೆ. ಅವರೇ ತುಂಬಿಕೊಂಡರೆ ಗವಿಯ ಭಯವೆಲ್ಲಿ, ಪಂಜಿಗೆ ಬೆಲೆಯೆಲ್ಲಿ? ಅದಕ್ಕಾಗಿ ಅವನು ಮನುಷ್ಯ, ಹಾಫ್ಲಿಂಗ್, ಎತ್ತರದ ಗೋಲಿಯಾತ್, ಈ ಮೂರನ್ನು ಇಟ್ಟು, ಕತ್ತಲಲ್ಲಿ ಕಾಣಬಲ್ಲ ಡ್ವಾರ್ಫ್ ಒಂದನ್ನೇ ಸೇರಿಸಿದ್ದನು. ಗವಿಯೊಳಗೆ ಉಳಿದವರು ಅವನ ಕೈ ಹಿಡಿಯಬೇಕು. ಬಯಲಿನಲ್ಲಿ ಅವನು ಇವರನ್ನು ನಂಬಬೇಕು. ಗುಡ್ಡದ ಡ್ವಾರ್ಫ್‌ಗಳಿಗೂ ಬಯಲಿನ ಮನುಷ್ಯರಿಗೂ ಹೊಳೆಯ ನೀರಿನ ಜಗಳವನ್ನೂ ಹಚ್ಚಿಟ್ಟಿದ್ದನು. ಊರು, ಕಸುಬು, ಜಗಳ ಇಲ್ಲದ ಕುಲವನ್ನು ಪಟ್ಟಿಯಲ್ಲಿ ಇಡಬಾರದು ಎಂಬುದು ಅವನ ಕಟ್ಟಳೆ. ಹತ್ತನ್ನೂ ಇಟ್ಟರೆ ಯಾರಿಗೂ ಯಾವುದೂ ನೆನಪಿರುವುದಿಲ್ಲವಂತೆ.

ಈ ಆಟ ಮೊದಲಿನಿಂದಲೂ ಹೀಗಿರಲಿಲ್ಲ. 1974ರ ಪುಸ್ತಕದಲ್ಲಿ ಡ್ವಾರ್ಫ್ ಆದವನು ಯೋಧನಷ್ಟೇ ಆಗಬೇಕು, ಆರನೆಯ ಹಂತ ದಾಟುವಂತಿಲ್ಲ. ಹಾಫ್ಲಿಂಗ್ ನಾಲ್ಕನೆಯದಕ್ಕೇ ನಿಲ್ಲಬೇಕು. ಮನುಷ್ಯನಿಗೆ ಮಿತಿಯಿರಲಿಲ್ಲ. ಇದು ಬರಿಯ ದ್ವೇಷವೂ ಅಲ್ಲ. ತಮ್ಮ ಆಟದಲ್ಲಿ ಮನುಷ್ಯರೇ ಮುಖ್ಯರಾಗಿರಬೇಕೆಂಬುದು ಗೈಗ್ಯಾಕ್ಸ್ ಅವರ ಇಚ್ಛೆಯಾಗಿತ್ತು. 1978ರ ಪುಸ್ತಕದಲ್ಲಂತೂ ಯಾವ ಕುಲಕ್ಕೆ ಯಾವುದು ಹಿತ, ಯಾವುದು ಅಹಿತ, ಯಾವುದರ ಮೇಲೆ ಹಗೆ ಎಂಬ ಕೋಷ್ಟಕವೇ ಇತ್ತು. ಹೆಣ್ಣು ಪಾತ್ರದ ದೇಹಬಲಕ್ಕೆ ಗಂಡಿಗಿಂತ ಕಡಿಮೆ ಮಿತಿಯೂ ಇತ್ತು. ಇದನ್ನು ಕೇಳಿ ನಮ್ಮಲ್ಲಿ ಅಜ್ಜಿಯಾದವರು, ನೀರಿನ ಕೊಡ ಹೊತ್ತು ನೋಡಿದವರಲ್ಲ ಇದನ್ನು ಬರೆದವರು ಎಂದರು. 2000ದ ಆವೃತ್ತಿಯಲ್ಲಿ ಕುಲದ ಹಂತಮಿತಿಗಳು ಹೋದವು. ಹುಟ್ಟಿನಿಂದಲೇ ಬರುತ್ತಿದ್ದ ಬಲ, ಬುದ್ಧಿಗಳ ಹೆಚ್ಚುವರಿ ಅಂಕಗಳು 2024ರಲ್ಲಿ ಕಸುಬಿನ ಪಾಲಿಗೆ ಬಂದವು: ರೈತ, ವ್ಯಾಪಾರಿ, ಲಿಪಿಕಾರ, ನಾವಿಕ. ಹುಟ್ಟು ಏನನ್ನೂ ಕೊಡುವುದಿಲ್ಲವೆಂದಲ್ಲ. ಡ್ವಾರ್ಫ್‌ಗೆ ವಿಷವನ್ನು ತಡೆದುಕೊಳ್ಳುವ ಶಕ್ತಿ ಈಗಲೂ ಹೆಚ್ಚು. ಆದರೆ ಯಾವ ಹಂತಕ್ಕೆ ಏರಬೇಕೆಂಬುದನ್ನು ಅದು ತೀರ್ಮಾನಿಸುವುದಿಲ್ಲ. ಕಾಯಕದ ಮಾತನ್ನು ಇಷ್ಟು ದೂರದಲ್ಲಿ, ಇಂಥ ಪುಸ್ತಕದಲ್ಲಿ ಕೇಳುತ್ತೇವೆಂದು ನಾವು ಎಣಿಸಿರಲಿಲ್ಲ.

ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ ಮೊಮ್ಮಗಳು ತಲೆಯೆತ್ತದೆ ಹೇಳಿದಳು: "ಅಜ್ಜಿ, ನಿಮ್ಮ ಲಕೋಟಿಯೊಳಗ ಎಷ್ಟು ಕುಲ ಇಟ್ಟೀರಿ?"

ಮಗ ಅವಳಿಗೆ ಮೊದಲೇ ಹೇಳಿಬಿಟ್ಟಿದ್ದನು. ನಾವು ಮಾತಾಡಲಿಲ್ಲ. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. 1996ರಲ್ಲಿ ನಮ್ಮ ಮಗಳಿಗೆ ಒಳ್ಳೆಯ ಸಂಬಂಧವೊಂದು ತಾನಾಗಿ ಬಂದಿತ್ತು. ಹುಡುಗ ಇಂಜಿನಿಯರು, ಲಿಂಗವಂತರ ಮನೆ, ನಿತ್ಯ ಪೂಜೆ ತಪ್ಪಿಸದ ತಂದೆತಾಯಿ. ಒಳಪಂಗಡ ಬೇರೆ ಎಂಬುದೊಂದೇ ಕಾರಣಕ್ಕೆ ನಾವು ಬೇಡವೆಂದೆವು. ಮಗಳನ್ನು ಕೇಳಲೂ ಇಲ್ಲ. ಅವಳು ಇಂದು ಸುಖವಾಗಿಯೇ ಇದ್ದಾಳೆ, ಆ ಮಾತನ್ನು ಎಂದೂ ಎತ್ತಿಲ್ಲ. ಎತ್ತದಿರುವುದೇ ನಮಗೆ ಭಾರ.

ಮರುದಿನ ಮೊಮ್ಮಗಳನ್ನು ಕರೆದು, ನಿನ್ನ ಮನಸ್ಸಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದೆವು. ಇದ್ದರು. ಹಾವೇರಿ ಕಡೆಯವರು, ನಮ್ಮವರೇ, ಆದರೆ ಒಳಪಂಗಡ ಬೇರೆ. ಮುಂದಿನ ಶನಿವಾರ ಒಬ್ಬ ಆಟಗಾರ ಕಡಿಮೆಯಿದ್ದುದರಿಂದ ಮೊಮ್ಮಗನೇ ಆತನನ್ನು ಕರೆಸಿದನು. ಹುಡುಗ ಡ್ವಾರ್ಫ್ ಆದನು. ನಮ್ಮಿಬ್ಬರಿಗೂ ಸೇರಿ ಒಂದು ಹಾಫ್ಲಿಂಗ್. ದಾಳದಲ್ಲಿ ಒಂದು ಬಿದ್ದರೆ ಮತ್ತೊಮ್ಮೆ ಉರುಳಿಸುವ ಅದೃಷ್ಟ ಆ ಕುಲಕ್ಕಿದೆ. ಅಂದು ನಮಗೆ ಮೂರು ಸಲ ಅದು ಬೇಕಾಯಿತು.

ಊಟಕ್ಕೆ ಕುಳಿತಾಗ ಅವರ ಊರು, ತಂದೆತಾಯಿ, ಮಳೆಬೆಳೆಗಳ ವಿಚಾರ ಕೇಳಿದೆವು. ಹುಡುಗ ಎರಡು ಖಡಕ್ ರೊಟ್ಟಿಗಳನ್ನು ಹೆಚ್ಚಿಗೆ ಹಾಕಿಸಿಕೊಂಡನು. ಲಕೋಟೆ ಬಿಚ್ಚದೆ ನಮ್ಮೊಡನೆ ಧಾರವಾಡಕ್ಕೆ ಮರಳಿತು. ಬಂದ ವಾರದಲ್ಲೇ ಹಾವೇರಿಗೆ ನಾವೇ ದೂರವಾಣಿ ಮಾಡಿದೆವು.