ಇದನ್ನು ಒಗೆಯಲಿಕ್ಕೆ ಎಲ್ಲಿ ಹಾಕ್ತೀರಿ?

ಮುಂಡಾಜೆಯಿಂದ ಉಜಿರೆಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನವರ ಕುರ್ತಿ ನೋಡಿ ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಬಿಳಿ ಬಟ್ಟೆ, ದಪ್ಪ ಕಪ್ಪು ಗೆರೆ, ನಡುನಡುವೆ ಕೆಂಪು, ಹಳದಿ, ನೀಲಿ ಚೌಕ. ಡಚ್ ಚಿತ್ರಕಾರ ಪೀಟ್ ಮೊಂಡ್ರಿಯನ್ ನಮ್ಮ ಬಸ್ಸು ಹತ್ತಿದ್ದರು! ಮರ, ಮನೆ, ಮನುಷ್ಯ ಎಲ್ಲ ಬಿಟ್ಟು ಬರೀ ಗೆರೆ ಮತ್ತು ಬಣ್ಣದಲ್ಲಿ ಚಿತ್ರ ಮಾಡಿದವರು ಅವರು. ತೀರಿಹೋದದ್ದು 1944ರಲ್ಲಿ. 1965ರಲ್ಲಿ ಪ್ಯಾರಿಸ್‌ನ ವಿನ್ಯಾಸಕಾರ ಇವ್ ಸ್ಯಾಂ ಲೊರಾಂ ಆ ಚಿತ್ರಗಳನ್ನು ಫ್ರಾಕಿಗೆ ತಂದರು. ಆಮೇಲೆ ಅಗ್ಗದ ನಕಲುಗಳು ಊರೂರು ಸೇರಿದವು.

ಊರಿನ ಹೊಲಿಗೆ ಅಕ್ಕನಿಗೆ ಮೊಬೈಲಿನಲ್ಲಿ ಆ ಫ್ರಾಕ್ ತೋರಿಸಿದೆವು. ಅದು ಪ್ರಿಂಟ್ ಅಲ್ಲ, ಒಂದೊಂದು ಬಣ್ಣದ ತುಂಡನ್ನೂ ಬೇರೆ ಕತ್ತರಿಸಿ ಜೋಡಿಸಿದ್ದು, ಮೈಯ ಆಕಾರಕ್ಕೆ ಬೇಕಾದ ಹೊಲಿಗೆ ಆ ಗೆರೆಗಳಲ್ಲೇ ಅಡಗಿದೆ ಎಂದೆವು. ಅಕ್ಕ ಚಿತ್ರವನ್ನು ದೊಡ್ಡದು ಮಾಡಿ ನೋಡಿ, "ಇದಕ್ಕೆ ಹೊಲಿಗೆ ಎಷ್ಟು ಕೇಳೂದು ಮಾರಾಯ್ರೆ?" ಎಂದರು.

ಇಷ್ಟು ಗೊತ್ತಿದ್ದ ನಾವೇ ಒಂದು ತಪ್ಪು ಮಾಡಿದೆವು. 2022ರಲ್ಲಿ 'ಕಾಂತಾರ' ಬಂದ ಮೇಲಿನ ಮಾತು. ಗೆಳೆಯರ ಕೂಟಕ್ಕೆಂದು ಹನ್ನೆರಡು ಕಪ್ಪು ಟೀಶರ್ಟು ಮಾಡಿಸಿದೆವು. ಎದೆಯ ಮೇಲೆ ದೈವದ ಮುಖ, ಹಿಂದೆ ಅಣಿ. ಮುಖವನ್ನು ತ್ರಿಕೋನ, ಚೌಕಗಳಾಗಿ ಒಡೆದು ಪಿಕಾಸೊ ಶೈಲಿಯಲ್ಲಿ ಬರೆದದ್ದು ನಮ್ಮಲ್ಲೇ ಒಬ್ಬರು. ಬಹಳ ಹೆಮ್ಮೆ ಇತ್ತು. ಊರಿನ ಸಂಸ್ಕೃತಿ ಉಳಿಸುವುದು ಎಂದೆಲ್ಲ ಮಾತಾಡಿಕೊಂಡಿದ್ದೆವು.

ಅದನ್ನು ಹಾಕಿಕೊಂಡೇ ಕೋಲ ಕಟ್ಟುವ ಅಜ್ಜನೊಬ್ಬರನ್ನು ಮಾತಾಡಿಸಲು ಹೋದೆವು. ಅವರು ಬೈಯಲಿಲ್ಲ. ಮಜ್ಜಿಗೆ ಕೊಡಿಸಿದರು. ತೆಂಗಿನ ಎಳೆಯ ತಿರಿ ಸೀಳಿ ಸೊಂಟಕ್ಕೆ ಕಟ್ಟುವುದು ಹೇಗೆ, ಅಷ್ಟು ದೊಡ್ಡ ಅಣಿ ಬೆನ್ನಿನಲ್ಲಿ ಅಲುಗದೆ ನಿಲ್ಲುವುದು ಹೇಗೆ ಎಂದು ಕೈಯಲ್ಲೇ ಅಳತೆ ತೋರಿಸಿದರು. 1922ರಲ್ಲಿ ಜರ್ಮನಿಯ ಓಸ್ಕರ್ ಶ್ಲೆಮ್ಮರ್ ಕುಣಿಯುವವರಿಗೆ ಉಂಡೆ, ಬಳೆ, ಶಂಕುವಿನಂಥ ಉಡುಪು ತೊಡಿಸಿ ಮೈಯ ಅಳತೆಯನ್ನೇ ಬದಲಿಸಿದ್ದರು. ಫ್ಯಾಷನ್ ಕಲಿಯುವವರು ಈಗಲೂ ಅದನ್ನು ನೋಡುತ್ತಾರೆ. ಅಜ್ಜನ ಅಂಗಳದಲ್ಲಿ ಆ ವಿದ್ಯೆ ಮೊದಲೇ ಉಂಟು ಅಂತ ನಮಗೆ ರೋಮಾಂಚನ.

ಹೊರಡುವಾಗ ಅಜ್ಜ ಟೀಶರ್ಟಿನ ಕಡೆ ನೋಡಿ ಕೇಳಿದರು: "ಅಣಿ ಕಟ್ಟುವ ಮೊದಲು ನಮಗೆ ವ್ರತ ಉಂಟು. ನೀವು ಕಲಿತವರು. ಇದನ್ನು ಒಗೆಯಲಿಕ್ಕೆ ಎಲ್ಲಿ ಹಾಕ್ತೀರಿ?"

ಬಕೆಟಿನಲ್ಲಿ, ಒಳಬಟ್ಟೆಗಳ ಜೊತೆ. ಹೇಳಲು ಬಾಯಿ ಬರಲಿಲ್ಲ.

ಪಿಕಾಸೊ 1907ರ ಹೊತ್ತಿಗೆ ಪ್ಯಾರಿಸ್‌ನ ಟ್ರೊಕಾಡೆರೊ ಮ್ಯೂಸಿಯಂನಲ್ಲಿ ಆಫ್ರಿಕಾದ ಮುಖವಾಡಗಳನ್ನು ಕಂಡು ಬೆರಗಾದರು. ಅವರ ಚಿತ್ರಗಳ ಮುಖಗಳೇ ಬದಲಾದವು. ಇವ್ ಸ್ಯಾಂ ಲೊರಾಂ 1967ರಲ್ಲಿ ಮರದ ಮಣಿ, ನಾರು ಬಳಸಿ ಆಫ್ರಿಕಾದ ಹೆಸರಿನಲ್ಲೇ ಉಡುಪು ತಂದರು. ಪಿಕಾಸೊನ ಹೆಸರು ಎಲ್ಲರಿಗೂ ಗೊತ್ತು. ಆ ಮುಖವಾಡ ಕೆತ್ತಿದವರು ಯಾರು, ಅದನ್ನು ಯಾವ ವ್ರತ ಹಿಡಿದು ತೊಡುತ್ತಿದ್ದರು ಎಂದು ಮ್ಯೂಸಿಯಂಗೆ ಬಂದ ಎಷ್ಟು ಜನ ಕೇಳಿರಬಹುದು? ಮೊಂಡ್ರಿಯನ್ ಗೆರೆಯನ್ನು ಯಾರು ಉಟ್ಟರೂ ಯಾರ ಮನಸ್ಸೂ ನೋಯುವುದಿಲ್ಲ. ಅಣಿಯ ಮಾತು ಹಾಗಲ್ಲ. ನಾವು ಪರವ, ಪಂಬದ, ನಲಿಕೆಯವರ ಮನೆಗಳಲ್ಲಿ ಒಮ್ಮೆಯೂ ಕೇಳದೆ ಪ್ರಿಂಟ್ ಹಾಕಿಸಿದ್ದೆವು. ಕೇಳಿದ್ದರೆ ಬೇಡ ಅನ್ನುತ್ತಿದ್ದರು ಎಂಬುದು ನಮಗೆ ಒಳಗೊಳಗೆ ಗೊತ್ತಿತ್ತೋ ಏನೋ.

ತಿರಿ ಹೆಣೆಯುವ ಕ್ರಮವನ್ನು ಬೇರೆ ಬಟ್ಟೆಗೆ ಕಲಿಯಬಹುದೇ ಎಂದು ಆಮೇಲೆ ಅಜ್ಜನನ್ನು ಕೇಳಿದೆವು. "ಮದುವೆ ಚಪ್ಪರಕ್ಕೂ ತಿರಿ ಕಟ್ಟುವುದಿಲ್ವಾ? ಅದು ಕಲೀರಿ, ಬನ್ನಿ" ಎಂದಿದ್ದಾರೆ. ಹೊಲಿಗೆ ಅಕ್ಕನೂ ಬರುತ್ತೇನೆ ಎಂದಿದ್ದಾರೆ.

ಹನ್ನೆರಡು ಟೀಶರ್ಟು ಗೋಣಿಯಲ್ಲಿ ಕಟ್ಟಿ ಅಟ್ಟದಲ್ಲಿಟ್ಟಿದ್ದೇವೆ. ಹಾಕಲಾಗದು, ಯಾರಿಗೂ ಕೊಡಲಾಗದು, ಸುಡಲು ಹೆದರಿಕೆ. ಮೊನ್ನೆ ಅಮ್ಮ ನೆಲ ಒರೆಸಲು ಹಳೆ ಬಟ್ಟೆ ಹುಡುಕುತ್ತಾ ಆ ಗೋಣಿ ಬಿಚ್ಚಿದವರು, ಒಳಗೆ ನೋಡಿ ಹಾಗೆಯೇ ಕಟ್ಟಿಟ್ಟರು.