ಹೊಸತೊಡಕಿನ ಜಾಡು

ನಮ್ಮ ಹಳೇಬೀಡಿನ ಕಡೆ ಹೊಸತೊಡಕು ಎಂದರೆ ಇವತ್ತು ಬಾಡೂಟ. ಯುಗಾದಿಯ ಹೋಳಿಗೆ ಅರಗುವ ಮೊದಲೇ, ಮರುದಿನ ಬೆಳಗಿನ ಜಾವಕ್ಕೆ ಗುಡ್ಡೆಬಾಡು ಬೀಳುತ್ತದೆ, ಬೀದಿಯುದ್ದಕ್ಕೂ ಮಸಾಲೆ ಅರೆಯುವ ಸದ್ದು ಏಳುತ್ತದೆ. ಎರಡು ತಲೆಮಾರಿನ ಹಿಂದೆ ಅದು ಊರೊಟ್ಟಿನ ಬೇಟೆಯ ದಿನ. ಸುಗ್ಗಿ ಮುಗಿದು ಕಣ ಬರಿದಾಗಿರುತ್ತಿತ್ತು, ವರ್ಷದ ಮೊದಲ ಉಳುಮೆಗೆ ಹೊನ್ನಾರು ಕಟ್ಟುವ ಶಾಸ್ತ್ರವೂ ಮುಗಿದಿರುತ್ತಿತ್ತು, ಮಳೆ ಹಿಡಿಯುವವರೆಗೆ ಕೈಗೆ ಬಿಡುವು. ಬಲೆ, ದೊಣ್ಣೆ, ತಮಟೆ, ನಾಯಿಗಳೊಂದಿಗೆ ಗಂಡಸರೆಲ್ಲ ಕುರುಚಲು ಕಾಡಿಗೆ ಹೊರಡುತ್ತಿದ್ದರು. ಸಿಕ್ಕಿದ್ದು ಮೊಲವೋ, ಹಂದಿಯೋ, ಜಿಂಕೆಯೋ, ಸಂಜೆ ಪಾಲಾಗುತ್ತಿತ್ತು. ಮೊದಲ ಏಟು ಹಾಕಿದವನಿಗೊಂದು ಪಾಲು, ನಾಯಿ ತಂದವನಿಗೊಂದು, ದೇವರ ಹೆಸರಿನದೊಂದು, ಉಳಿದದ್ದು ಎಲ್ಲ ಮನೆಗೂ ಸಮಸಮ.

ಆ ಬೇಟೆ ಈಗಿಲ್ಲ, ಇರಲೂಬಾರದು. ಆದರೆ ಆ ದಿನ ಹತ್ತಿರ ಬಂತೆಂದರೆ ನನ್ನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಹೊಸತೊಡಕಿನ ಬೆಳಗ್ಗೆ ಮತ್ತು ಅದರ ಮರುದಿನ, ಈ ಎರಡು ದಿನ ನನಗೆ ಜಿಂಕೆಯ ಜಾಡು ಹಿಡಿಯುವ ವರ್ಷದ ಮೊದಲ ದಿನಗಳು. ಕೈಯಲ್ಲಿ ಬೈನಾಕ್ಯುಲರ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಕತ್ತಲಿರುವಾಗಲೇ ಜಾವಗಲ್ಲು, ಬಾಣಾವರ ದಾಟಿ ಕಡೂರು ತಾಲ್ಲೂಕಿನ ಬಾಸೂರು ಕಾವಲಿನ ಅಂಚಿಗೆ ಹೋಗಿ ನಿಲ್ಲುತ್ತೇನೆ.

ಈ ವಿದ್ಯೆ ನನಗೆ ಬಂದದ್ದು ಸೋದರಮಾವನಿಂದ. ಅವರ ಊರು ಬೇಲೂರಿನಿಂದಾಚೆ, ಮಲೆನಾಡಿನ ಸೆರಗು. ಅಲ್ಲಿಯ ಬೇಟೆಗೆ ಅದರದೇ ಕಟ್ಟುಪಾಡು. ಹಳುವಿಗೆ ನುಗ್ಗಿ ಪ್ರಾಣಿಯನ್ನು ಎಬ್ಬಿಸಿ ಸೋವುವವರು ಒಂದು ಕಡೆ, ಬಿಲ್ಲಿನಲ್ಲಿ, ಅಂದರೆ ಪ್ರಾಣಿ ಹಾಯುವ ಕಡೆಯ ಹೊಂಚುತಾಣದಲ್ಲಿ, ಕೋವಿ ಹಿಡಿದು ಉಸಿರು ಬಿಗಿಹಿಡಿದು ಕೂತವರು ಇನ್ನೊಂದು ಕಡೆ. ರಾತ್ರಿಯಾದರೆ ಹಣ್ಣು ಉದುರುವ ಮರದ ಹತ್ತಿರ ಮರಸಿಗೆ, ಅಂದರೆ ಮರೆಯಲ್ಲಿ ಹೊಂಚಿ, ಕೂರುವುದು. ಕಡವೆ, ಕಾಡುಕುರಿ, ಬರ್ಕ ಒಂದೊಂದೂ ಕಾಲಿಡುವ ರೀತಿ ಬೇರೆ, ತರಗೆಲೆಯ ಮೇಲೆ ಅದು ಎಬ್ಬಿಸುವ ಸದ್ದು ಬೇರೆ. ಮಾವ ಅವನ್ನೆಲ್ಲ ಕಣ್ಣು ಮುಚ್ಚಿಕೊಂಡು ಹೇಳಬಲ್ಲವರು.

ಮೈಸೂರು ಸಂಸ್ಥಾನದಲ್ಲಿ ಬೇಟೆ ಮತ್ತು ಮೀನುಗಾರಿಕೆಗೆ ಕಡಿವಾಣ ಹಾಕುವ ಕಾನೂನು 1901ರಲ್ಲೇ ಬಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಿಂಕೆಯ ಬೇಟೆಗೆ ಇನ್ನೂ ಬಿಗಿಯಾದ ಕಡಿವಾಣ ಹಾಕಿತು. ಕೃಷ್ಣಮೃಗವನ್ನಂತೂ ಅದರ ಮೊದಲನೇ ಪಟ್ಟಿಗೇ ಸೇರಿಸಿತು, ಹುಲಿಯ ಸಾಲಿಗೆ. ಮಾವ ಆಗ ಮೀಸೆ ಚಿಗುರಿದ ಹುಡುಗ. ಕೋವಿ ಕೆಳಗಿಟ್ಟರು, ಕಾಡಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ನಾನು ತಿಳಿವಳಿಕೆ ಬಂದಾಗಿನಿಂದ ನೋಡಿದ್ದು ಬರಿಗೈಲಿ ಜಾಡು ಹಿಡಿದು ಹೋಗಿ, ಜಿಂಕೆಯನ್ನು ಕಣ್ತುಂಬ ನೋಡಿ, ಅದಕ್ಕೆ ಗೊತ್ತಾಗದ ಹಾಗೆ ಹಿಂದೆ ಸರಿದು ಬರುತ್ತಿದ್ದ ಮಾವನನ್ನು. ಗುರಿ ಇಡುವುದು ಬೇಟೆಯಲ್ಲಿ ಕೊನೆಯ ಗಳಿಗೆಯ ಕೆಲಸ. ಅದಕ್ಕಿಂತ ಮುಂಚಿನ ದಿನವಿಡೀ ನಡೆಯುವ ನೋಟ, ನಡಿಗೆ, ಕಾಯುವಿಕೆಯೇ ನಿಜವಾದ ವಿದ್ಯೆ ಎಂದು ನನಗೆ ತೋರಿಸಿಕೊಟ್ಟವರು ಅವರು. ನಾನು ಈ ಮಾತನ್ನು ಪೂರ್ತಿಯಾಗಿ ನಂಬಿದವನು.

ಬಾಸೂರು ಕಾವಲು ಅಮೃತಮಹಲ್ ದನಗಳ ಹುಲ್ಲುಗಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಮುಂದೆ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಆಯಿತು. ಆ ದನಗಳಿಗೆಂದು ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಸೀಮೆಗಳಲ್ಲಿ ಬಿಟ್ಟ ಕಾವಲುಗಳಲ್ಲಿ ನೇಗಿಲು ಇಳಿಯಲಿಲ್ಲ. ದನಕ್ಕೆಂದು ಉಳಿಸಿದ ಹುಲ್ಲು ಕೃಷ್ಣಮೃಗವನ್ನೂ ಉಳಿಸಿತು. 2011ರಲ್ಲಿ ಬಾಸೂರು ಕಾವಲು ಸಂರಕ್ಷಣಾ ಮೀಸಲು ಪ್ರದೇಶವಾಯಿತು. ವಿಸ್ತಾರ ಏಳು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಅಂಚಿನ ಬಂಡಿದಾರಿಯಲ್ಲಿ ನಿಂತರೆ ಹೊಂಬಣ್ಣದ ಹುಲ್ಲು, ಅಲ್ಲಲ್ಲಿ ಜಾಲಿ, ತಂಗಡಿ, ಕಾರೆಮುಳ್ಳಿನ ಪೊದೆ, ದೂರಕ್ಕೆ ನೀಲಿಯಾಗಿ ಬಾಬಾಬುಡನ್‌ಗಿರಿ ಸಾಲು.

ನಮ್ಮಲ್ಲಿ ಜಿಂಕೆ ಎಂಬ ಒಂದೇ ಹೆಸರಿನಲ್ಲಿ ಕರೆದರೂ ಕೃಷ್ಣಮೃಗ ಸಾರಗದ, ಅಂದರೆ ಚುಕ್ಕೆ ಜಿಂಕೆಯ, ಜಾತಿಯದಲ್ಲ. ಸಾರಗದ ಕೊಂಬು ಕವಲೊಡೆಯುತ್ತದೆ, ಉದುರಿ ಮತ್ತೆ ಬೆಳೆಯುತ್ತದೆ. ಕೃಷ್ಣಮೃಗದ ಕೊಂಬು ತಿರುಪುತಿರುಪಾಗಿ ಮೇಲೇರುತ್ತದೆ, ಒಮ್ಮೆ ಬಂದದ್ದು ಸಾಯುವವರೆಗೂ ಇರುತ್ತದೆ. ಸಾರಗಕ್ಕೆ ಮರದ ನೆರಳು ಬೇಕು, ಇದಕ್ಕೆ ಬಯಲು ಬೇಕು. ಬಯಲಿನ ಪ್ರಾಣಿಯ ಹತ್ತಿರ ಹೋಗುವುದು ಹಳುವಿನೊಳಗಿನ ಪ್ರಾಣಿಯ ಹತ್ತಿರ ಹೋಗುವುದಕ್ಕಿಂತ ಕಷ್ಟ. ಮರೆಯೇ ಇಲ್ಲದ ಕಡೆ ನೀವು ಅದನ್ನು ನೋಡುವ ಮೊದಲೇ ಅದು ನಿಮ್ಮನ್ನು ನೋಡಿರುತ್ತದೆ.

ಆದ್ದರಿಂದ ಮೊದಲ ಪಾಠ ಗಾಳಿ. ವಾಹನದಿಂದ ಇಳಿದ ತಕ್ಷಣ ಒಂದು ಚಿಟಿಕೆ ಧೂಳು ತೆಗೆದು ಬೆರಳ ಸಂದಿಯಿಂದ ಬಿಡಬೇಕು. "ಕಣ್ಣಿಗೆ ಕಂಡ್ರೂ ಸೈರಿಸ್ಕಂತೈತೆ, ವಾಸನೆ ಹತ್ತಿದ್ರೆ ನಿಲ್ಲಾಕಿಲ್ಲ. ಮದ್ಲು ಗಾಳಿ ಎತ್ಲಾಗೆ ಬೀಸ್ತೈತೆ ನೋಡ್ಲಾ" ಎಂದು ಮಾವ ಹೇಳಿಕೊಟ್ಟದ್ದು. ಈ ಸಲ ಧೂಳು ನನ್ನ ಎದೆಯ ಕಡೆಗೇ ಬಂತು. ಮುಂದಿನಿಂದ ಬರುವ ಗಾಳಿ. ಅದಕ್ಕಿಂತ ಒಳ್ಳೆಯ ಶಕುನ ಬೇಕಿಲ್ಲ.

ಎರಡನೆಯ ಪಾಠ ನೆಲ. ರೇವತಿ ಮಳೆ ಹಿಂದಿನ ದಿನ ಒಂದು ಹದ ಬಿದ್ದಿತ್ತು. ದಾರಿಯ ಧೂಳು ಕೂತು, ಮೇಲುಮಣ್ಣು ಹೆಜ್ಜೆ ಹಿಡಿಯುವಷ್ಟು ಮೆದುವಾಗಿತ್ತು. ಕಾವಲಿನ ಅಂಚಿನಲ್ಲಿ ಕುರಿಮಂದೆ ಓಡಾಡುವುದರಿಂದ ಗೊರಸಿನ ಗುರುತಿಗೆ ಬರವಿಲ್ಲ. ಅವುಗಳಲ್ಲಿ ಬೇಕಾದ್ದನ್ನು ಆರಿಸುವುದೇ ಕೆಲಸ. ಕುರಿಯದು ದುಂಡಗೆ, ಮೊಂಡುತುದಿ. ಕೃಷ್ಣಮೃಗದ್ದು ನೀಳ, ಎರಡು ಹೋಳೂ ಮುಂದಕ್ಕೆ ಚೂಪಾಗಿ ಸೇರುತ್ತವೆ. ನೆಮ್ಮದಿಯಿಂದ ನಡೆದಿದ್ದರೆ ಹಿಂಗಾಲು ಮುಂಗಾಲಿನ ಗುರುತಿನ ಮೇಲೇ ಬಿದ್ದಿರುತ್ತದೆ. ಬೆದರಿ ಓಡಿದ್ದರೆ ಗೊರಸು ಅಗಲಿಸಿಕೊಂಡಿರುತ್ತದೆ, ತುದಿ ಆಳಕ್ಕೆ ಇಳಿದು ಮಣ್ಣು ಹಿಂದಕ್ಕೆ ಚಿಮ್ಮಿರುತ್ತದೆ. ಹೊತ್ತನ್ನು ಹೇಳುವುದು ಹೆಜ್ಜೆಯ ಅಂಚು. ನಾನು ಮಂಡಿಯೂರಿ ನೋಡಿದ ಒಂದು ಗುರುತಿನ ಅಂಚು ಇನ್ನೂ ಹರಿತವಾಗಿತ್ತು. ಸುತ್ತಲಿನ ಮಣ್ಣಿನ ಮೇಲೆ ಇಬ್ಬನಿ ಕೂತ ಸಣ್ಣಸಣ್ಣ ಚುಕ್ಕೆಗಳಿದ್ದವು, ಹೆಜ್ಜೆಯ ಒಳಗೆ ಒಂದೂ ಇರಲಿಲ್ಲ. ಇಬ್ಬನಿ ಬಿದ್ದ ಮೇಲೆ ಹೋದ ಪ್ರಾಣಿ ಇದು. ಹೊತ್ತು ಮೂಡುವುದಕ್ಕೆ ಸ್ವಲ್ಪ ಮುಂಚೆ ಇದೇ ದಾರಿಯನ್ನು ದಾಟಿ ಕಾವಲಿನೊಳಗೆ ಹೋಗಿದೆ, ಬೆದರದೆ, ನಿಧಾನವಾಗಿ.

ಎದೆ ಹೊಡೆದುಕೊಳ್ಳಲು ಶುರುವಾಗುವುದು ಇಲ್ಲಿಂದ. ಜಿಂಕೆ ಕಾಣುವ ಮೊದಲೇ ಅದು ಇದೆ ಎಂದು ಗೊತ್ತಾಗುವ ಗಳಿಗೆಯ ಸುಖವನ್ನು ಬೇಟೆ ಬಲ್ಲವರೆಲ್ಲ ಬಲ್ಲರು. ಕಾವಲಿನೊಳಗೆ ನಾವು ಕಾಲಿಡುವುದಿಲ್ಲ, ಇಡಬಾರದು. ಬೇಲಿಯ ಹೊರಗೆ ಒಂದು ಜಾಲಿಮರದ ಬುಡಕ್ಕೆ ಬೆನ್ನು ಕೊಟ್ಟು ಕೂತೆ. ಕೂತ ಮೇಲೆ ಅಲುಗಾಡಬಾರದು. ಕೆಂಪು ಟಿಟ್ಟಿಭವೊಂದು ನನ್ನನ್ನು ಕಂಡು ತಲೆಯ ಮೇಲೆ ಸುತ್ತು ಹಾಕಿ ಊರಿಗೆಲ್ಲ ಕೇಳುವಂತೆ ಕೂಗಿತು. ಅದು ಸುಮ್ಮನಾಗುವವರೆಗೆ ಬಯಲಿನಲ್ಲಿ ಏನೂ ಕಾಣುವುದಿಲ್ಲ ಎಂದುಕೊಂಡೇ ಕಾಯಬೇಕು. ಸುಮ್ಮನಾಯಿತು. ಪೊದೆಯೊಳಗೆ ಗೌಜಲು ಮಾತಾಡಲು ತೊಡಗಿತು. ಗೌಜಲು ಮಾತಾಡಿತೆಂದರೆ ಬಯಲು ನಿಮ್ಮನ್ನು ಮರೆತಿದೆ ಎಂದೇ ಲೆಕ್ಕ.

ಬಿಸಿಲು ಹುಲ್ಲಿನ ತುದಿ ಮುಟ್ಟುವ ಹೊತ್ತಿಗೆ ಹೆಣ್ಣುಗಳ ಹಿಂಡು ಕಾಣಿಸಿತು. ಹುಲ್ಲಿನದೇ ಬಣ್ಣ, ಕೊಂಬಿಲ್ಲದ ಸಣ್ಣ ತಲೆಗಳು. ಒಂದು ಮೇಯುತ್ತಿದ್ದರೆ ಇನ್ನೊಂದು ತಲೆಯೆತ್ತಿ ನೋಡುತ್ತಿತ್ತು. ಎಲ್ಲವೂ ಒಟ್ಟಿಗೆ ತಲೆ ತಗ್ಗಿಸಿದ ಗಳಿಗೆಯೇ ಇರಲಿಲ್ಲ. ಅವುಗಳಿಂದಾಚೆ, ಹುಲ್ಲು ಗಿಡ್ಡಗಾಗಿರುವ ಕಡೆ, ಗಂಡು ನಿಂತಿತ್ತು. ಬೆನ್ನು ಕಾಡಿಗೆಯ ಕಪ್ಪು, ಹೊಟ್ಟೆ ಅಚ್ಚ ಬಿಳುಪು, ಎರಡರ ನಡುವಿನ ಗೆರೆ ಅಳೆದು ಎಳೆದಷ್ಟು ಖಚಿತ. ಕಣ್ಣಿನ ಸುತ್ತ ಬಿಳಿ ಉಂಗುರ. ಮರಿಗಂಡುಗಳೂ ಕಂದುಬಣ್ಣದವೇ, ಈ ಕಪ್ಪು ವಯಸ್ಸಿನ ಜೊತೆಗೆ ಏರುತ್ತದೆ, ಬೆದೆಗಾಲದಲ್ಲಿ ಗಾಢವಾಗುತ್ತದೆ. ಯುಗಾದಿಯ ಸುಮಾರು ಬೆದೆಯ ಕಾಲವೇ.

ಆ ಗಂಡು ತನ್ನ ನೆಲವನ್ನು ಕಾಯುತ್ತಿತ್ತು. ಒಂದೇ ಜಾಗದಲ್ಲಿ ಹಿಕ್ಕೆ ಹಾಕಿ ಗುಡ್ಡೆ ಮಾಡಿಕೊಂಡು, ಕಣ್ಣಿನ ಮುಂದಿರುವ ಗ್ರಂಥಿಯ ವಾಸನೆಯನ್ನು ಕಡ್ಡಿ ಗಿಡಗಳಿಗೆ ತೀಡಿ, ಇದು ನನ್ನ ಗಡಿ ಎಂದು ಸಾರುವ ಪ್ರಾಣಿ ಅದು. ಎಡಗಡೆಯಿಂದ ಇನ್ನೊಂದು ಗಂಡು ಬಂತು, ಕಪ್ಪು ಇನ್ನೂ ಪೂರ್ತಿ ಏರದ ಎಳೆಯದು. ಹಳೆಯ ಗಂಡು ಮೂತಿಯನ್ನು ಆಕಾಶಕ್ಕೆತ್ತಿತು. ಕೊಂಬು ಬೆನ್ನಿಗೆ ತಾಗುವಂತೆ ಹಿಂದಕ್ಕೆ ಒರಗಿತು, ಕಿವಿ ಕೆಳಗಿಳಿದವು, ಬಾಲ ಸುರುಳಿಯಾಗಿ ಮೇಲೆದ್ದಿತು. ಹಾಗೇ ಒಂದೊಂದೇ ಕಾಲನ್ನು ಬಿಗಿಯಾಗಿ ಎತ್ತಿಡುತ್ತ ನಡೆದು ಬಂತು. ನಾನು ನೋಡಿದ ಯಕ್ಷಗಾನದ ಯಾವ ರಾಜವೇಷದ ಪ್ರವೇಶಕ್ಕೂ ಆ ಗತ್ತು ಇರಲಿಲ್ಲ. ಎರಡೂ ಪಕ್ಕಪಕ್ಕ ಸಮಾನಾಂತರವಾಗಿ ಹತ್ತು ಹೆಜ್ಜೆ ನಡೆದವು. ತಲೆ ತಗ್ಗಿದವು. ಕೊಂಬಿಗೆ ಕೊಂಬು ತಾಗಿದ ಸದ್ದು ಒಣಬಿದಿರು ಸಿಡಿದಂತೆ ನನ್ನವರೆಗೂ ಬಂತು. ಕೆಸರು ಎಳೆಯದರ ಮಂಡಿಗೆ ಮೆತ್ತಿತು. ಅದು ಜಾರಿ, ತಿರುಗಿ, ಓಡಿತು. ಹಳೆಯದು ಗಡಿಯವರೆಗೆ ಅಟ್ಟಿ ಅಲ್ಲೇ ನಿಂತಿತು; ಆಚೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಬೇಟೆಗಾರ ಈಡು ಹಾರಿಸುವ ಗಳಿಗೆ ಅದೇ. ಅಗಲಕ್ಕೆ ಪಕ್ಕೆ ಕೊಟ್ಟು, ಮೈಮರೆತು, ಅಲುಗದೆ ನಿಂತ ಗಳಿಗೆ. ಈಡು ಹಾರಿದ್ದರೆ ನೋಟ ಅಲ್ಲಿಗೇ ಮುಗಿಯುತ್ತಿತ್ತು. ಹಾರದ್ದರಿಂದ ಅದು ಮುಂದೆ ಏನು ಮಾಡಿತೆಂದು ನೋಡಿದೆ. ಹೆಣ್ಣುಗಳ ಕಡೆಗೆ ಹಿಂತಿರುಗಿ ಗಂಟಲಿನಿಂದ ಗೊರಗೊರ ಸದ್ದು ಮಾಡುತ್ತ ಸುತ್ತು ಬಂತು. ಒಂದು ಹೆಣ್ಣು ಒಪ್ಪಿದಂತೆ ನಿಂತು ಮರುಕ್ಷಣ ದೂರ ಜಿಗಿಯಿತು. ಅದನ್ನು ನೋಡಿ ಇನ್ನೊಂದು, ಮತ್ತೊಂದು, ಕೊನೆಗೆ ಇಡೀ ಹಿಂಡು ಸುಮ್ಮನೆ ಹರ್ಷಕ್ಕೆಂಬಂತೆ ನೆಗೆಯುತ್ತ ದಿಬ್ಬದಾಚೆ ಇಳಿಯಿತು.

ಮರುದಿನ ಅಕ್ಕನ ಮಗಳನ್ನೂ ಕರೆದೊಯ್ದೆ. ಅವಳಿಗೆ ಹಿಂಡು ದೂರದಲ್ಲಷ್ಟೇ ಕಂಡಿತು. ಬಿಸಿಲೇರಿ ಹಿಂತಿರುಗುವಾಗ ಅವಳು ನೆಲ ನೋಡುತ್ತ ನಿಂತುಬಿಟ್ಟಳು. "ಮಾಮ, ಇದು ಓಡಿದ್ದಲ್ವಾ? ಮಣ್ಣು ಹಿಂದಕ್ಕೆ ಹಾರಿದೆ ನೋಡು" ಎಂದಳು. ಜಿಂಕೆಯನ್ನು ತೋರಿಸುವುದು ಸುಲಭ. ಜಿಂಕೆ ಇಲ್ಲದ ಕಡೆ ಅದನ್ನು ಕಾಣುವ ಕಣ್ಣು ಬರುವುದು ದೊಡ್ಡದು. ಅದು ಅವಳಿಗೆ ಬಂದಿದ್ದಕ್ಕೆ ನನಗೆ ಹಿಂದಿನ ದಿನದ ಕಾಳಗ ಕಂಡದ್ದಕ್ಕಿಂತ ಹೆಚ್ಚು ಖುಷಿಯಾಯಿತು.

ಈ ಕಣ್ಣು ನಮ್ಮ ನೆಲಕ್ಕೆ ಹೊಸದಲ್ಲ. ಬೇಲೂರಿನ ಚೆನ್ನಕೇಶವ ಗುಡಿಯನ್ನು ದೊರೆ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ. ಅದರ ಮದನಿಕೆಗಳಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೊಬ್ಬಳಿದ್ದಾಳೆ. ಎಲ್ಲರೂ ಅವಳ ನಿಲುವನ್ನು ನೋಡಿ ಮುಂದೆ ಹೋಗುತ್ತಾರೆ. ನಾನು ಅವಳ ಇಕ್ಕೆಲದ ಪುಟ್ಟ ಆಕೃತಿಗಳನ್ನು ನೋಡಲು ಹೋಗುತ್ತೇನೆ. ಒಬ್ಬ ಬಿದಿರು ಗಣೆಯನ್ನು ಹೆಗಲಿಗೇರಿಸಿ, ಒಂದು ತುದಿಗೆ ಜಿಂಕೆ, ಇನ್ನೊಂದಕ್ಕೆ ಕೊಕ್ಕರೆ ತೂಗುಹಾಕಿಕೊಂಡಿದ್ದಾನೆ. ಇನ್ನೊಂದು ಬದಿಯಲ್ಲಿ ಒಬ್ಬ ಕಾಲು ಚಾಚಿ ಮುಳ್ಳು ತೆಗೆಸಿಕೊಳ್ಳುತ್ತಿದ್ದಾನೆ. ಕಾರೆಮುಳ್ಳು ಕಾಲಿಗೆ ನಟ್ಟು, ಕೂತು, ಇನ್ನೊಬ್ಬರ ಕೈಗೆ ಪಾದ ಕೊಟ್ಟು ಹಲ್ಲು ಕಚ್ಚಿದವರಿಗೆ ಗೊತ್ತು, ಇದನ್ನು ಕಡೆದವನು ಕಾಡಿನಲ್ಲಿ ನಡೆದವನು.

ಇದೇ ಹಳೇಬೀಡು ದೋರಸಮುದ್ರವಾಗಿದ್ದಾಗ ವೀರಬಲ್ಲಾಳನ ಆಸ್ಥಾನಕವಿ ಜನ್ನ 1209ರಲ್ಲಿ ಯಶೋಧರ ಚರಿತೆ ಬರೆದ. ಬೇಟೆಗೆ ಹೊರಟ ದೊರೆ ಮುನಿಯನ್ನು ಕಂಡು ಮನಸ್ಸು ತಿರುಗಿ, ಕೊಲ್ಲುವುದನ್ನು ಬಿಡುವ ಪ್ರಸಂಗ ಆ ಕಥೆಯಲ್ಲಿದೆ. ಬೇಟೆಯ ಸೊಗಸನ್ನು ಕಲ್ಲಿನಲ್ಲಿ ಬಿಡಿಸಿದ್ದೂ ಬೇಟೆಯ ಪಾಪವನ್ನು ಕಾವ್ಯದಲ್ಲಿ ಹೇಳಿದ್ದೂ ಒಂದೇ ರಾಜ್ಯ. ನಮ್ಮ ಮಾವ ಇವೆರಡನ್ನೂ ಓದದೆಯೇ ಎರಡನ್ನೂ ಬದುಕಿದರು.

ಈಗ ಮಂಡಿನೋವು ಅವರನ್ನು ಜಗಲಿಗೆ ಕಟ್ಟಿಹಾಕಿದೆ. ಬಾಸೂರಿನಿಂದ ಬಂದವನನ್ನು ಎಷ್ಟು ಜಿಂಕೆ ಕಂಡವು ಎಂದು ಅವರು ಕೇಳುವುದಿಲ್ಲ. "ಹುಲ್ಲು ಹೆಂಗೈತೆ?" ಎನ್ನುತ್ತಾರೆ. ಅವರ ಪ್ರಶ್ನೆಯೇ ಸರಿ. ಕೋವಿಯಿಂದ ಜಿಂಕೆಯನ್ನು ಕಾಯಿದೆ ಉಳಿಸಿತು. ಬಯಲನ್ನು ಉಳಿಸುವುದು ಇನ್ನೂ ಬಾಕಿಯಿದೆ. ಚಳ್ಳಕೆರೆಯ ಕಡೆ ಸಾವಿರಾರು ಎಕರೆ ಅಮೃತಮಹಲ್ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಹುಲ್ಲುಗಾವಲನ್ನು ಪಾಳು ಎಂದು ಬರೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಹಳೆಯದು. ಮರ ನೆಟ್ಟರೂ ಅದು ಕೆಡುತ್ತದೆ, ಉತ್ತರೂ ಕೆಡುತ್ತದೆ, ಬೇಲಿ ಹಾಕಿ ಕಟ್ಟಡ ಎಬ್ಬಿಸಿದರಂತೂ ಮತ್ತೆ ಬಾರದು. ಅದಕ್ಕೆ ಬೇಕಾಗಿರುವುದು ಅದನ್ನು ಹುಲ್ಲಾಗಿಯೇ ಬಿಡುವುದು. ಹಿಂದಿನವರು ದನಕ್ಕಾಗಿ ಅಷ್ಟು ಮಾಡಿದರು. ನಾವು ಜಿಂಕೆಗಾಗಿ, ಜಿಂಕೆಯ ಜಾಡು ಓದಲು ಕಲಿಯುತ್ತಿರುವ ಮಕ್ಕಳಿಗಾಗಿ ಅಷ್ಟು ಮಾಡಲೇಬೇಕು. ಮುಂದಿನ ಹೊಸತೊಡಕಿಗೆ ಬನ್ನಿ. ಬಾಡೂಟ ಮಧ್ಯಾಹ್ನಕ್ಕೆ ಇದ್ದೇ ಇರುತ್ತದೆ. ಬೆಳಗಿನ ಜಾವ ಕಾವಲಿನ ಅಂಚಿಗೆ ಬಂದು, ಒಂದು ಚಿಟಿಕೆ ಧೂಳು ಹಾರಿಸಿ ಗಾಳಿ ನೋಡಿ, ಸುಮ್ಮನೆ ಕೂತುಕೊಳ್ಳಿ.