ವೇರೂಳಿನ ಬಂಡೆಯಲ್ಲಿ ಭಾನುವಾರದ ಪಾಠ

ಪುಣೆಯಲ್ಲಿ ನಮ್ಮ ನಾಲ್ಕು ಕನ್ನಡ ಮನೆಗಳು ಸೇರಿ ನಡೆಸುವ ಒಂದು ಪುಟ್ಟ ಪಾಠಶಾಲೆಯಿದೆ. ಅದಕ್ಕೆ ಕಟ್ಟಡವಿಲ್ಲ, ಹಾಜರಿ ಪುಸ್ತಕವಿಲ್ಲ; ಭಾನುವಾರ ಬೆಳಿಗ್ಗೆ ಯಾರ ಮನೆಯಲ್ಲಿ ಉಪ್ಪಿಟ್ಟಿನ ಒಗ್ಗರಣೆ ಚಟಗುಟ್ಟುವುದೋ ಅಲ್ಲಿಯೇ ಶಾಲೆ. ವಿದ್ಯಾರ್ಥಿಗಳು ಏಳು ಮಂದಿ, ಆರರಿಂದ ಹತ್ತು ವರ್ಷದವರು. ಇವರಿಗೆ ಶಾಲೆಯಲ್ಲಿ ಇಂಗ್ಲಿಷು, ಆಟದ ಬಯಲಿನಲ್ಲಿ ಮರಾಠಿ. ಕನ್ನಡಕ್ಕೂ ಹಿರಿಯರ ಚರಿತ್ರೆಗೂ ದೇವರ ಕಥೆಗೂ ಉಳಿಯುವುದು ಮನೆಯೊಂದೇ. ಆದರೆ ಅರಸರ ಹೆಸರುಗಳನ್ನು ಉರುಹೊಡೆಯುವ ವಯಸ್ಸಲ್ಲ ಅದು. “ರಾಷ್ಟ್ರಕೂಟರ ಒಂದನೆಯ ಕೃಷ್ಣ” ಎಂದೊಡನೆ ಆಕಳಿಸುವ ಮಗು, ಕೈಗೊಂದು ಕೆಲಸ ಕೊಟ್ಟರೆ ಊಟವನ್ನೂ ಮರೆತು ಕೂಡುತ್ತದೆ.

ಆದುದರಿಂದ ವೇರೂಳಿಗೆ, ಅಂದರೆ ಎಲ್ಲೋರಕ್ಕೆ, ಹೊರಡುವ ಹಿಂದಿನ ವಾರ ಮಕ್ಕಳಿಗೆ ತಲೆಗೊಂದು ಬಟ್ಟೆ ಸೋಪಿನ ತುಂಡು, ಒಂದು ಹಳೆಯ ಚಮಚ ಕೊಟ್ಟೆವು. ನಿಯಮ ಎರಡೇ: ಮೇಲಿನಿಂದ ಕೆಳಕ್ಕೆ ಕೆತ್ತಬೇಕು; ಮುರಿದದ್ದನ್ನು ಅಂಟಿಸಕೂಡದು. ಹತ್ತು ನಿಮಿಷದಲ್ಲಿ ಒಂದು ಆನೆಯ ಸೊಂಡಿಲು ಉದುರಿತು. ಕೆತ್ತುತ್ತಿದ್ದ ಹುಡುಗಿ ಅಳಲಿಲ್ಲ. ಸ್ವಲ್ಪ ಹೊತ್ತು ನೋಡಿ, “ಇದು ನಂದಿ” ಎಂದಳು!

ಅದೇ ದಿನ ಎಂಟು ವರ್ಷದ ಹುಡುಗನೊಬ್ಬ, ಸೋಪಿನ ಪುಡಿ ಕೊಡವುತ್ತ, ಜೊತೆಯ ಹುಡುಗನೊಬ್ಬ ತನ್ನನ್ನು “ನೀವು ಹೊರಗಿನವರು” ಎಂದನೆಂದು ಹೇಳಿದ. “ಹೌದೇನು?” ಎಂದು ಕೇಳಿದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪರಊರಿನಲ್ಲಿ ಮಕ್ಕಳನ್ನು ಬೆಳೆಸುವ ಯಾವ ತಂದೆತಾಯಿಗೆ ಈ ಪ್ರಶ್ನೆ ಹೊಸದು? ಉತ್ತರವನ್ನು ಪ್ರವಾಸಕ್ಕೆ ಬಿಟ್ಟೆವು.

ಚಳಿಗಾಲದ ರಜೆಯಲ್ಲಿ ಒಂದು ಟೆಂಪೊ ಗೊತ್ತುಮಾಡಿಕೊಂಡು, ಧಾರವಾಡದಿಂದ ಬಂದಿದ್ದ ಅಜ್ಜಿಯೊಬ್ಬರನ್ನೂ ಕೂಡಿಸಿಕೊಂಡು ಹೊರಟೆವು. 2023ರವರೆಗೆ ಔರಂಗಾಬಾದ್ ಎನಿಸಿದ್ದ ಛತ್ರಪತಿ ಸಂಭಾಜಿನಗರದಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಸುಮಾರು 30 ಕಿಲೋಮೀಟರು ಸಾಗಿದರೆ ವೇರೂಳು. ಬೆಟ್ಟದ ಸಾಲಿನಲ್ಲಿ 34 ಗುಹೆಗಳು: ಮೊದಲ 12 ಬೌದ್ಧರವು, ಮುಂದಿನ 17 ವೈದಿಕ ದೇವತೆಗಳವು, ಕೊನೆಯ 5 ಜೈನರವು.

ಹತ್ತನೆಯ ಗುಹೆಯಲ್ಲಿ ಬುದ್ಧನ ಮುಂದೆ ಮಕ್ಕಳನ್ನು ಸುಮ್ಮನೆ ಕೂರಿಸಿದೆವು. ಮೇಲೆ ನೋಡಿದರೆ ಕಲ್ಲಿನ ಛಾವಣಿಯಲ್ಲಿ ಮರದ ತೊಲೆಗಳಂತೆ ಸಾಲು ಸಾಲು. “ಕಲ್ಲಿಗೆ ತೊಲೆ ಏಕೆ?” ಎಂದಿತು ಒಂದು ಮಗು. ಮೊದಲು ಮರದಲ್ಲಿ ಕಟ್ಟುತ್ತಿದ್ದರು. ಕಲ್ಲಿಗೆ ಬಂದ ಮೇಲೂ ಆ ಹಳೆಯ ರೂಪವನ್ನು ಬಿಡಲಿಲ್ಲ. ಊರು ಬಿಟ್ಟು ಬಂದ ನಮಗೆ ಇದು ಬೇಗ ಅರ್ಥವಾಗುವ ಮಾತು.

ಹದಿನಾರನೆಯದೇ ಕೈಲಾಸ. ಕ್ರಿ. ಶ. ಎಂಟನೆಯ ಶತಮಾನದಲ್ಲಿ ಕೃಷ್ಣರಾಜನ ಕಾಲದಲ್ಲಿ ಒಂದೇ ಬಂಡೆಯನ್ನು ಮೇಲಿನಿಂದ ಕಡಿದು ಇಳಿದದ್ದು. ಅಂಗಳ ಸುಮಾರು 276 ಅಡಿ ಉದ್ದ, 154 ಅಡಿ ಅಗಲ. ಹಿಂಬದಿಯ ಬಂಡೆಯ ಗೋಡೆ 107 ಅಡಿ ಎತ್ತರ. ಅಂಕಿಗಳನ್ನು ನಾವು ಹೇಳಲಿಲ್ಲ. ಮಕ್ಕಳೇ ಹೆಜ್ಜೆಯಿಟ್ಟು ಅಳೆದರು. ಸೋಪು ಕೆತ್ತಿದ ಕಣ್ಣುಗಳು ಮೊದಲು ಹೋದದ್ದು ಶಿಖರಕ್ಕೆ. “ಅಲ್ಲಿಂದ ಶುರು!” ಎಂದು ಕೂಗಿದರು. ಅಂಗಳದ ದೊಡ್ಡ ಆನೆಗೆ ಸೊಂಡಿಲಿಲ್ಲದ್ದನ್ನು ಕಂಡು ನಮ್ಮ ನಂದಿಯ ಶಿಲ್ಪಿಗೆ ಪರಮಾನಂದ. ಅದು ಕೆತ್ತುವಾಗ ಮುರಿದದ್ದಲ್ಲ, ಆಮೇಲೆ ಭಗ್ನವಾದದ್ದು ಎಂದು ತಿಳಿಸಿದೆವು. ಬಲಗಡೆ ರಾಮಾಯಣ, ಎಡಗಡೆ ಭಾರತ. ಕಥೆಯನ್ನು ಅಜ್ಜಿ ಹೇಳಲಿಲ್ಲ, ಮಕ್ಕಳಿಂದ ಹೇಳಿಸಿದರು.

ಎಂಟು ವರ್ಷದವನು ಮಾತ್ರ ತನ್ನ ಪ್ರಶ್ನೆ ಬಿಟ್ಟಿರಲಿಲ್ಲ. “ಅಜ್ಜಿ, ಇದು ನಮ್ಮದೋ, ಅವರದೋ?”

“ಕಟ್ಟಿಸಿದಾವ ಕನ್ನಡದ ಅರಸ,” ಎಂದರು ಅಜ್ಜಿ. “ಇಷ್ಟು ವರ್ಷ ನೋಡಿಕೊಂಡಾವರು ಈ ಸೀಮಿಯವರು. ಎರಡೂ ನೆನಪಿಟಕೋ. ಒಂದs ನೆನಪಿಟ್ಟರ ಜಗಳ ಆಗ್ತದ.”

ಇದಕ್ಕೆ ಸಾಕ್ಷಿ ಅಲ್ಲಿಯೇ ಹತ್ತಿರದಲ್ಲಿದೆ. ಗುಹೆಗಳಿಂದ ಕೂಗಳತೆಯಲ್ಲಿರುವ ಘೃಷ್ಣೇಶ್ವರ ಜ್ಯೋತಿರ್ಲಿಂಗದ ಗುಡಿಯನ್ನು ಹದಿನೆಂಟನೆಯ ಶತಮಾನದಲ್ಲಿ ಮತ್ತೆ ಕಟ್ಟಿಸಿದವಳು ಅಹಲ್ಯಾಬಾಯಿ ಹೋಳ್ಕರ್. ಇನ್ನು ರಾಷ್ಟ್ರಕೂಟರೋ, ತಮ್ಮನ್ನು ಲಟ್ಟಲೂರಿನ ಒಡೆಯರೆಂದು ಕರೆದುಕೊಂಡವರು. ಅದು ಇಂದಿನ ಲಾತೂರು ಎಂದು ವಿದ್ವಾಂಸರು ಗುರುತಿಸುತ್ತಾರೆ. ಅವರ ರಾಜಧಾನಿಯಾದ ಮಾನ್ಯಖೇಟವೋ ನಮ್ಮ ಕಲಬುರಗಿ ಸೀಮೆಯ ಮಳಖೇಡ. ಅರಸರೇ ಎರಡೂ ಕಡೆಯವರು! ಹುಡುಗ ಬೆರಳು ಮಡಿಸಿ ಲಾತೂರು, ಮಳಖೇಡ, ವೇರೂಳು ಎಂದು ಎಣಿಸಿಕೊಂಡ.

ಕೊನೆಗೆ 32ನೆಯ ಗುಹೆಯ ಜೈನ ಬಸದಿ. ಅಲ್ಲಿ ಕಾಲಿಗೆ ಬಳ್ಳಿ ಹಬ್ಬಿಸಿಕೊಂಡು ನಿಂತ ಬಾಹುಬಲಿ. “ಶ್ರವಣಬೆಳಗೊಳದ ಗೊಮ್ಮಟ ಇಲ್ಲಿಗೆ ಹೇಗೆ ಬಂದ?” ಎಂದು ಮಕ್ಕಳಿಗೆ ಬೆರಗು. ಅವನಂತೆ ಐದು ನಿಮಿಷ ಅಲುಗಾಡದೆ ನಿಲ್ಲಿರೆಂದೆವು. ನೊಣ ಕೂತಿತು, ಮೂಗು ತುರಿಸಿತು. ಎರಡೇ ನಿಮಿಷದಲ್ಲಿ ಎಲ್ಲರೂ ಸೋತರು. ತಪಸ್ಸೆಂದರೇನೆಂಬ ಉಪನ್ಯಾಸವನ್ನು ನಾವು ಮಾಡಬೇಕಾಗಲಿಲ್ಲ. ಬುದ್ಧನ ಮುಂದೆ, ಶಿವನ ಮುಂದೆ, ಜಿನನ ಮುಂದೆ ಒಂದೇ ದಿನ ಕೈಮುಗಿದ ಮಕ್ಕಳಿಗೆ, ಪರರ ದೇವರನ್ನು ಗೌರವಿಸಿರೆಂದು ಬೇರೆ ಹೇಳುವುದೇನಿದೆ?

ಹೋಗುವವರಿಗೆ ಎರಡು ಮಾತು. ಮಂಗಳವಾರ ಗುಹೆಗಳಿಗೆ ರಜೆ. ಜೈನ ಗುಹೆಗಳು ದೂರವಾದುದರಿಂದ ನೀರು, ಬುತ್ತಿ ಜೊತೆಗಿರಲಿ.

ಬೇರೆ ಊರಿನ ಬಂಧುಗಳಿಗೂ ಇಂತಹ ಪಾಠಶಾಲೆಗಳಿಗೆ ಕೊರತೆಯಿಲ್ಲ. ಹೈದರಾಬಾದಿನವರಿಗೆ ಬಾದಾಮಿ ಚಾಲುಕ್ಯರ ಗುಡಿಗಳಿರುವ ಆಲಂಪುರವಿದೆ. ಚೆನ್ನೈಯವರಿಗೆ ಕಂಚಿಯ ಕೈಲಾಸನಾಥನಿದ್ದಾನೆ. ಅಲ್ಲಿಯ ಕಂಬವೊಂದರ ಮೇಲೆ ಚಾಲುಕ್ಯ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ: ಕಂಚಿಯನ್ನು ಗೆದ್ದ ಅರಸ ದೇವರ ಸಂಪತ್ತನ್ನು ಕಂಡು, ಅದನ್ನು ಕೊಳ್ಳೆ ಹೊಡೆಯದೆ ದೇವರಿಗೇ ಬಿಟ್ಟುಕೊಟ್ಟನೆಂದು. ಪರಊರಿನಲ್ಲಿ ಹೇಗೆ ಬಾಳಬೇಕೆಂಬುದಕ್ಕೆ ಮಕ್ಕಳಿಗೆ ಬೆರಳಿಟ್ಟು ತೋರಿಸಬಹುದಾದ ಇದಕ್ಕಿಂತ ಒಳ್ಳೆಯ ಕನ್ನಡ ಪಾಠ ಯಾವುದು?